ಸಲ್ಮಾ ನೋಡದ ಬಾವಿ

ಈ ಕೆಲಸಕ್ಕೆ ಸೇರಬೇಕೆಂದಿರುವ ಹುಡುಗ ಹುಡುಗಿಯರು ಫೋನ್ ಮಾಡಿದಾಗ ಮೊದಲು ಕೇಳುವುದು, "ಆಂಟಿ, ಅರೇಬಿಕ್ ಬರಬೇಕಾ?" ಎಂದು. ಬೇಡ ಎನ್ನುತ್ತೇನೆ. ಇಷ್ಟು ವರ್ಷ ಪ್ಯಾಲೆಸ್ಟೀನಿ ಕುಟುಂಬಗಳ ಜೊತೆ ಕೂತೆದ್ದರೂ ನಾನು ಕಲಿತದ್ದು ನಮಸ್ಕಾರ ಹೇಳುವುದು, ಧನ್ಯವಾದ ಹೇಳುವುದು, ಕಾಫಿ ಸಾಕು ಎನ್ನುವುದು, ಅಷ್ಟೇ. ಆಮೇಲೆ ಕೇಳುತ್ತಾರೆ, "ಮನಸ್ಸಿಗೆ ತುಂಬಾ ಭಾರ ಆಗಲ್ವಾ?" ಆಗುತ್ತದೆ. ಆದರೆ ನಮ್ಮ ಮನಸ್ಸು ಭಾರವಾದ್ದರಿಂದ ಯಾರ ಅರ್ಜಿಯೂ ಗೆದ್ದದ್ದನ್ನು ನಾನು ಕಂಡಿಲ್ಲ. ಸರಿಯಾದ ಪ್ರಶ್ನೆ ಕೇಳಿದ್ದರಿಂದ ಗೆದ್ದದ್ದನ್ನು ಕಂಡಿದ್ದೇನೆ. ನಿವೃತ್ತಿಯಾದ ಮೇಲೆ ಇದನ್ನು ಬರೆಯಲು ಕೂತದ್ದು ಅದಕ್ಕೇ.

ನಾನು ಬೆಳೆದದ್ದು ಗದಗದಲ್ಲಿ. ಅಪ್ಪ ಹತ್ತಿ ಜಿನ್ನಿನಲ್ಲಿ ಅಂಡಿಗೆ ಹೊರುತ್ತಿದ್ದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹುಬ್ಬಳ್ಳಿಯಲ್ಲಿ ಕಾನೂನು ಓದಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ನನ್ನ ಪದವಿ ಪತ್ರ ದೇವರ ಫೋಟೋಕ್ಕಿಂತ ಒಂದು ಗೇಣು ಮೇಲೆ ತೂಗುತ್ತಿದೆ. "ನಮ್ಮನ್ಯಾಗ ದೇವರೂ ಎಲ್ಲೆಲ್ಬಿ ಮಾಡ್ಕೊಂಡ್ರ ಅಷ್ಟ ಮ್ಯಾಲ ಹೋಗ್ತಾನ ನೋಡ್ರಿ" ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಅವರ ಫ್ಯಾಕ್ಟರಿ ಕೆಲಸಕ್ಕಾಗಿ ನಾವು ಮಲೇಷ್ಯಾಕ್ಕೆ ಬಂದದ್ದು. ಮೊದಲು ಬಯಾನ್ ಲೆಪಾಸ್, ಆಮೇಲೆ ಇಲ್ಲಿ. ನನ್ನ ವಕೀಲಿ ಸನ್ನದು ಈ ದೇಶದ ಕೋರ್ಟಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಲಿಫ್ಟಿಲ್ಲದ ಒಂದು ಅಂಗಡಿ ಸಾಲಿನ ಮೇಲ್ಮಹಡಿಯಲ್ಲಿದ್ದ ಪುಟ್ಟ ಕಾನೂನು ನೆರವು ಕೇಂದ್ರಕ್ಕೆ ಸೇರಿಕೊಂಡೆ. ಕೆಳಗೆ ಮಾಮಕ್ ಹೋಟೆಲು, ಎಂದರೆ ತಮಿಳು ಮುಸ್ಲಿಮರದ್ದು. ನಮ್ಮ ಕಡತಗಳೆಲ್ಲ ಮೀನು ಸಾರಿನ ವಾಸನೆ ಹೊಡೆಯುತ್ತಿದ್ದವು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಈ ದೇಶದ ಕಾನೂನಿನಲ್ಲಿ ನಿರಾಶ್ರಿತರಿಗೆಂದು ಬೇರೆ ಜಾಗವಿಲ್ಲ. ವೀಸಾ ಮುಗಿದ ಮೇಲೆ ಅವರೂ ಅನುಮತಿಯಿಲ್ಲದ ವಿದೇಶಿಯರೇ. ಯಾರು ನಿಜವಾಗಿ ನಿರಾಶ್ರಿತರು ಎಂದು ವಿಚಾರಿಸಿ ಗುರುತಿನ ಕಾರ್ಡು ಕೊಡುವ ಅಂತರರಾಷ್ಟ್ರೀಯ ಕಚೇರಿ ಬೇರೆ ಇದೆ. ನಾವು ಅದನ್ನು ಕಾರ್ಡ್ ಕಚೇರಿ ಎನ್ನುತ್ತಿದ್ದೆವು. ಆ ಕಾರ್ಡು ಕೆಲಸ ಕೊಡಿಸುವುದಿಲ್ಲ, ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವುದಿಲ್ಲ. ಆದರೆ ರಸ್ತೆಯಲ್ಲಿ ತಡೆದ ಪೊಲೀಸನಿಗೆ ತೋರಿಸಬಹುದು, ಹಿಡಿದಿಟ್ಟವರನ್ನು ಬಿಡಿಸಿ ತರಬಹುದು. ಕುಟುಂಬಗಳ ಹೇಳಿಕೆಗಳನ್ನು ಬರೆದುಕೊಂಡು, ಅರ್ಜಿಯನ್ನು ಸಿದ್ಧಮಾಡಿ ಆ ಕಚೇರಿಗೆ ಕಳಿಸುವುದು ನಮ್ಮ ಕೆಲಸವಾಗಿತ್ತು.

ನಮ್ಮ ಯಜಮಾನಿ ತೇವಿ. ಮಲೇಷ್ಯಾದಲ್ಲೇ ಹುಟ್ಟಿದ ತಮಿಳು ವಕೀಲೆ, ರಬ್ಬರ್ ತೋಟಕ್ಕೆ ಕೂಲಿಗೆ ಬಂದವರ ಮೊಮ್ಮಗಳು. ಕುಳ್ಳಗೆ, ದಪ್ಪ ಕನ್ನಡಕ, ನಗುವಾಗಲೂ ಗದರಿಸಿದಂತೆ ಕೇಳಿಸುತ್ತಿತ್ತು. ನಾನು ಸೇರಿದ ದಿನವೇ ಹೇಳಿದರು: "ಸರೋಜಾ, ಅವರು ಹೇಳಿದ್ದು ಹೇಳಿದ ಹಾಗೇ ಬರಿ. ಸೇರಿಸಬೇಡ, ತೆಗೀಬೇಡ, ಚಂದ ಮಾಡಬೇಡ. ಚಂದ ಮಾಡೋಕೆ ನಾವೇನು ಬ್ಯೂಟಿ ಪಾರ್ಲರಾ?" ಒಳ್ಳೆಯ ನಿಯಮವೇ. ಅದರಿಂದ ಎಷ್ಟೋ ಅರ್ಜಿಗಳು ಗೆದ್ದವು. ಒಂದು ಸೋತದ್ದೂ ಅದರಿಂದಲೇ, ಅದನ್ನು ಆಮೇಲೆ ಹೇಳುತ್ತೇನೆ.

ಪ್ಯಾಲೆಸ್ಟೀನಿಯರ ಅರ್ಜಿ ಬೇರೆಯವರ ಅರ್ಜಿಯ ಹಾಗಲ್ಲ. ಬೇರೆಯವರು ಬಿಟ್ಟು ಬಂದ ದೇಶವಾದರೂ ಒಂದಿರುತ್ತದೆ. ಇವರಲ್ಲಿ ಹೆಚ್ಚಿನವರು ಹುಟ್ಟಿದ್ದು ಸಿರಿಯಾದಲ್ಲೋ ಲೆಬನಾನಿನಲ್ಲೋ. ಆದರೆ ಅಲ್ಲಿಯ ಪ್ರಜೆಗಳಲ್ಲ. ಅಜ್ಜನ ಕಾಲಕ್ಕೆ ಪ್ಯಾಲೆಸ್ಟೀನಿನಿಂದ ಓಡಿ ಬಂದವರೆಂದು ಬರೆಸಿಕೊಂಡದ್ದು ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇದೆ. ಒಮ್ಮೆ ಒಂದು ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಗುಮಾಸ್ತನೊಬ್ಬ ಇಂಥವರ ಪ್ರಯಾಣದ ಪುಸ್ತಕ ತಿರುವಿ, "ಪಾಸ್‌ಪೋರ್ಟ್ ಇದ್ಯಲ್ಲ, ಸಿರಿಯಾದ ಮುದ್ರೆ ಇದೆ. ಸಿರಿಯನ್ ಅಂತ ಬರಿ, ಮುಗೀತು" ಎಂದ. ಅದು ಪಾಸ್‌ಪೋರ್ಟ್ ಅಲ್ಲ, ಈತ ನಮ್ಮ ಪ್ರಜೆಯಲ್ಲ ಎಂದು ಅದರಲ್ಲೇ ಬರೆದಿದೆ ಎಂದು ತೋರಿಸಿದೆ. ಓದಿದ. ತಲೆ ಕೆರೆದುಕೊಂಡ. "ಹಾಗಾದರೆ ಕಂಪ್ಯೂಟರಿನಲ್ಲಿ ಯಾವ ದೇಶ ಒತ್ತಲಿ? ಏನಾದರೂ ಒತ್ತದೆ ಮುಂದಿನ ಪುಟಕ್ಕೆ ಹೋಗಲ್ಲ." ಅವನ ತಪ್ಪಲ್ಲ. ಊಟದ ಹೊತ್ತಿನವರೆಗೆ ಅವನೂ ನಾನೂ ಆ ಪರದೆ ನೋಡುತ್ತಾ ಕೂತೆವು.

ಹೊಸಬರು ಬೇಗ ಅನುಮಾನಪಡುತ್ತಾರೆ. ಕಾನೂನು ಓದುತ್ತಿದ್ದ ಹುಡುಗಿಯೊಬ್ಬಳು ತರಬೇತಿಗೆ ಬಂದಿದ್ದಳು. ಒಂದು ಕಡತ ಹಿಡಿದು ಓಡಿ ಬಂದಳು. "ಆಂಟಿ, ಇವರು ಬ್ಲಫ್ ಮಾಡ್ತಿದ್ದಾರೆ. ಅಜ್ಜಿ, ದೊಡ್ಡಪ್ಪ, ಅತ್ತೆ ಎಲ್ಲರೂ ಜನವರಿ ಒಂದಕ್ಕೇ ಹುಟ್ಟಿದ್ದಾರಂತೆ!"

ನನ್ನ ಪಾಸ್‌ಪೋರ್ಟ್ ತೆಗೆದು ಅವಳ ಮುಂದಿಟ್ಟೆ. ಜೂನ್ ಒಂದು.

"ನೈಸ್! ಕೇಕ್ ತರ್ತೀವಿ."

"ತರಬೇಡ. ಅವತ್ತು ಹುಟ್ಟಿದ್ದು ನಾನಲ್ಲ. ಅವತ್ತು ಶಾಲೆ ಶುರುವಾಯಿತು."

ಅಪ್ಪ ನನ್ನನ್ನು ಶಾಲೆಗೆ ಕರೆದೊಯ್ದಾಗ ಹೆಡ್‌ಮಾಸ್ತರರು ಹುಟ್ಟಿದ ದಿನ ಕೇಳಿದರಂತೆ. "ಹತ್ತಿ ಹಂಗಾಮಿನಾಗ್ರಿ" ಎಂದನಂತೆ ಅಪ್ಪ. ಅವರು ಜೂನ್ ಒಂದು ಬರೆದುಕೊಂಡರು. ನಮ್ಮ ಕಡೆ ನನ್ನ ವಯಸ್ಸಿನ ಅರ್ಧ ಜನ ಅದೇ ದಿನ ಹುಟ್ಟಿದ್ದಾರೆ. ಈ ಕೆಲಸದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಬರೀ ಕಾನೂನಿನ ಪುಸ್ತಕವಲ್ಲ. ಕಾಗದ ಇಲ್ಲದ ಮನೆಯಿಂದ ಬಂದದ್ದೂ ಬಂತು.

ಇನ್ನೊಂದು ತಪ್ಪು ಕಾಫಿಯದ್ದು. ಕಕ್ಷಿದಾರರಿಂದ ಏನೂ ತಗೋಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು. ಒಂದು ಮನೆಯಲ್ಲಿ ನಾವು ಕಾಫಿ ಬೇಡವೆಂದೆವು, ಮತ್ತೆ ಬೇಡವೆಂದೆವು. ಆ ಯಜಮಾನ ಆಮೇಲೆ ಪ್ರತಿ ಪ್ರಶ್ನೆಗೂ ಹೌದು, ಇಲ್ಲ, ಅಷ್ಟೇ ಹೇಳತೊಡಗಿದ. ನಮ್ಮ ದುಭಾಷಿ ನಬೀಲ್ ನನ್ನ ಕಡೆ ಬಾಗಿ, "ಖಾಲಾ, ನೀವು ಇವರ ಕಾಫಿ ನಂಬದಿದ್ದರೆ ಇವರು ನಿಮ್ಮ ಪೆನ್ನು ಯಾಕೆ ನಂಬಬೇಕು?" ಎಂದ. ಖಾಲಾ ಎಂದರೆ ಚಿಕ್ಕಮ್ಮ. ಅವನು ಇಲ್ಲಿ ಓದುತ್ತಿದ್ದ ಸುಡಾನಿ, ನಾಲಿಗೆ ಚುರುಕು. ಕುಡಿದೆ. ಕಹಿ, ಏಲಕ್ಕಿ ಘಮ, ಬಟ್ಟಲು ಹೆಬ್ಬೆರಳಷ್ಟು. ಅವತ್ತಿನಿಂದ ತೇವಿ ನಿಯಮ ಬದಲಾಯಿಸಿದರು: ಕಾಫಿ ಸೈ, ತಿಂಡಿ ಬೇಡ. ತಿಂಡಿಯ ವಿಷಯದಲ್ಲಿ ನಿಯಮ ಮುರಿಯುತ್ತಿದ್ದವರೂ ತೇವಿಯೇ.

ಈಗ ಸಲ್ಮಾಳ ಮನೆಯವರ ವಿಷಯ.

ಅಪ್ಪ, ಅಮ್ಮ, ಹನ್ನೆರಡರ ಹುಡುಗಿ ಸಲ್ಮಾ, ಅವಳ ತಮ್ಮ ಒಮರ್. ಅವರಲ್ಲಿ ಅಪ್ಪ ಅಮ್ಮನನ್ನು ಮಗನ ಹೆಸರು ಹಿಡಿದು ಕರೆಯುವುದು ರೂಢಿ, ಹಾಗಾಗಿ ಅಪ್ಪ ಅಬು ಒಮರ್, ಅಮ್ಮ ಉಮ್ ಒಮರ್. ನಾಲ್ವರೂ ಹುಟ್ಟಿದ್ದು ಡಮಾಸ್ಕಸ್ಸಿನ ಪ್ಯಾಲೆಸ್ಟೀನಿ ಶಿಬಿರದಲ್ಲಿ. ಶಿಬಿರ ಎಂದರೆ ಡೇರೆಗಳಲ್ಲ. ಅಜ್ಜನ ಕಾಲದ ಡೇರೆಗಳು ಕಾಂಕ್ರೀಟಿನ ಮನೆಗಳಾಗಿ, ಮನೆಯ ಮೇಲೆ ಮನೆ ಎದ್ದ ಇಕ್ಕಟ್ಟಾದ ಪೇಟೆ. ಯುದ್ಧ ಆ ಪೇಟೆಯೊಳಗೆ ಬಂದಾಗ ಇವರು ಹೊರಬಿದ್ದು, ಸುತ್ತಿ ಸುತ್ತಿ ಇಲ್ಲಿಗೆ ತಲುಪಿದರು. ಅಬು ಒಮರ್ ಅಲ್ಲಿ ಶಾಲೆಯ ಮಾಸ್ತರ. ಇಲ್ಲಿ ಕಾರು ತೊಳೆಯುತ್ತಿದ್ದ.

ದೊಡ್ಡವರ ಹೇಳಿಕೆ ನಾನು ಬರೆದುಕೊಂಡೆ. ಸಲ್ಮಾಳದ್ದನ್ನು ತೇವಿ. ಮಕ್ಕಳ ಹೇಳಿಕೆ ಅವರೇ ತೆಗೆದುಕೊಳ್ಳುತ್ತಿದ್ದರು, ಮಕ್ಕಳು ಅವರ ಗದರಿಕೆಗೆ ಹೆದರುತ್ತಿರಲಿಲ್ಲ. ನಿನ್ನ ಊರಿನ ಬಗ್ಗೆ ಹೇಳು ಎಂದು ಕೇಳಿದರು. ಸಲ್ಮಾ ಊರಿನ ಹೆಸರಿನಿಂದ ಶುರುಮಾಡಿ ನಿಲ್ಲಿಸದೆ ಹೇಳಿದಳು. ನಮ್ಮ ಊರು ಪ್ಯಾಲೆಸ್ಟೀನಿನ ಹೈಫಾದ ಹತ್ತಿರ. ಮನೆಯ ಪಕ್ಕದಲ್ಲಿ ಬಾವಿ ಇದೆ, ಹಗ್ಗ ಉದ್ದ ಬೇಕು, ನೀರು ಸಿಹಿ. ಹಿತ್ತಿಲಲ್ಲಿ ಅಂಜೂರದ ಮರ. ಸಂಜೆ ಮಾಳಿಗೆ ಹತ್ತಿದರೆ ಸಮುದ್ರ ಕಾಣುತ್ತದೆ. ತೇವಿ ಒಂದಕ್ಷರ ಬಿಡದೆ ಬರೆದುಕೊಂಡರು. ನಾನು ಓದಿ ಸಹಿ ಮಾಡಿದೆ. ನಮ್ಮ ಟೈಪಿಸ್ಟ್ ಕಾಕ್ ರೋಸ್ ಟೈಪು ಮಾಡಿದಳು. ಕಾಕ್ ಎಂದರೆ ಅಕ್ಕ, ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಅರ್ಜಿ ಹೋಯಿತು.

ತೀರ್ಮಾನಕ್ಕೆ ಕಾಯುತ್ತಿರುವಾಗಲೇ ಕಾರು ತೊಳೆಯುವ ಜಾಗದಲ್ಲಿ ತಪಾಸಣೆ ನಡೆದು ಅಬು ಒಮರ್ ಸಿಕ್ಕಿಬಿದ್ದ. ವಲಸೆ ಇಲಾಖೆಯ ಬಂಧನ ಕೇಂದ್ರಕ್ಕೆ ಒಯ್ದರು. ಕಾರ್ಡು ಬಂದರೆ ಬಿಡಿಸಬಹುದು, ಚಿಂತೆ ಬೇಡ ಎಂದು ಉಮ್ ಒಮರ್‌ಗೆ ಹೇಳಿ ಕಳಿಸಿದೆವು. ಅವಳ ಹಿಂದೆಯೇ ಬಂದದ್ದು ತಿರಸ್ಕಾರದ ಪತ್ರ.

ಪತ್ರದ ತರ್ಕ ಹೀಗಿತ್ತು. ತಂದೆ ತಾಯಿ ಡಮಾಸ್ಕಸ್ ಬಿಟ್ಟು ಬೇರೆಲ್ಲೂ ಬಾಳಿಲ್ಲ ಎನ್ನುತ್ತಾರೆ. ಮಗಳು ಕಡಲತೀರದ ಊರೊಂದರ ಮನೆಯನ್ನು ಕಣ್ಣಿಗೆ ಕಟ್ಟುವಂತೆ ವಿವರಿಸುತ್ತಾಳೆ. ಅವಳು ಹೇಳಿದ ಹೆಸರಿನ ಊರು ಈಗಿನ ನಕಾಶೆಯಲ್ಲಿಲ್ಲ. ಅಂದರೆ ಕುಟುಂಬ ಬೇರೆಲ್ಲೋ ನೆಲೆಸಿತ್ತು, ಅಲ್ಲಿ ಇವರಿಗೆ ಹಕ್ಕುಗಳಿರಬಹುದು, ಅದನ್ನು ಮುಚ್ಚಿಡುತ್ತಿದ್ದಾರೆ. ಆದ್ದರಿಂದ ಹೇಳಿಕೆಗಳು ನಂಬಲರ್ಹವಲ್ಲ.

ತೇವಿ, ಕಾಕ್ ರೋಸ್, ನಾನು, ಮೂವರೂ ಸಲ್ಮಾಳ ಹೇಳಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು. ನಿಜ ಹೇಳಬೇಕೆಂದರೆ ಅದರಲ್ಲಿ ತಪ್ಪೇನಿದೆ ಎಂದು ಸುಮಾರು ಹೊತ್ತು ನಮಗೆ ಹೊಳೆಯಲೇ ಇಲ್ಲ.

"ಊರು ಯಾವುದು ಅಂದರು, ಹುಡುಗಿ ಹೇಳಿದಳು. ಇದರಲ್ಲಿ ಏನು ಪ್ರಾಬ್ಲಂ?" ಎಂದಳು ಕಾಕ್ ರೋಸ್.

"ಅವಳು ಅಲ್ಲಿ ಹುಟ್ಟಿಲ್ಲ, ಅದು ಪ್ರಾಬ್ಲಂ," ಎಂದರು ತೇವಿ.

"ನಾನೂ ಹುಟ್ಟಿಲ್ಲ. ನನ್ನ ಕಂಪುಂಗ್ ಕೆಲಾಂತಾನ್. ಹುಟ್ಟಿದ್ದು ಕೌಲಾಲಂಪುರದ ಆಸ್ಪತ್ರೆ. ಹಾಗಂತ ಆಸ್ಪತ್ರೆ ನನ್ನ ಕಂಪುಂಗಾ?"

ಕಂಪುಂಗ್ ಎಂದರೆ ಹಳ್ಳಿ, ಊರು. ಹಬ್ಬ ಬಂದರೆ ಈ ದೇಶದಲ್ಲಿ ಎಲ್ಲರೂ ಕಂಪುಂಗಿಗೆ ಹೊರಡುತ್ತಾರೆ, ಹೆದ್ದಾರಿ ತುಂಬಿ ಹೋಗುತ್ತದೆ.

"ನಿನ್ನ ಕಂಪುಂಗಿನ ದುರಿಯಾನ್ ಮರದ ಬಗ್ಗೆ ನನಗೆ ಹೇಳಿ ಹೇಳಿ ತಲೆ ತಿಂದಿದ್ದೀಯಲ್ಲ, ಆ ಮರ ಈಗಲೂ ಇದೆಯಾ?" ಎಂದೆ.

"ಅದನ್ನ ನಮ್ಮಪ್ಪನ ಮದುವೆಗೆ ಮೊದಲೇ ಕಡಿದರು." ಹೇಳಿ ಅವಳೇ ಬಾಯಿ ಮುಚ್ಚಿಕೊಂಡಳು.

ತೇವಿ ಕನ್ನಡಕ ತೆಗೆದಿಟ್ಟರು. "ಪುದುಕೋಟೆ ಕಡೆ ನಮ್ಮೂರಲ್ಲಿ ಅಯ್ಯನಾರ್ ಗುಡಿ ಮುಂದೆ ಮಣ್ಣಿನ ಕುದುರೆಗಳು ಸಾಲಾಗಿವೆ. ಕೊನೇ ಕುದುರೆಗೆ ಒಂದು ಕಿವಿ ಇಲ್ಲ." ಕನ್ನಡಕದ ಗಾಜು ಒರೆಸಿದರು. "ನಾನು ಇಂಡಿಯಾಕ್ಕೇ ಹೋಗಿಲ್ಲ, ಸರೋಜಾ."

ನನ್ನ ಸರದಿ ಹೇಳಬೇಕಿರಲಿಲ್ಲ. ಯಾರಾದರೂ ನಿಮ್ಮೂರು ಯಾವುದು ಎಂದು ಕೇಳಿದರೆ ನಾನು ರೋಣ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹೇಳುತ್ತೇನೆ. ಅಪ್ಪ ಅದನ್ನು ಬಿಟ್ಟದ್ದು ಮೀಸೆ ಬರುವ ಮೊದಲು. ನಾನು ಹುಟ್ಟಿದ್ದು ಗದಗದಲ್ಲಿ, ಜಿನ್ನಿನ ಹಿಂದಿನ ಚಾಳಿನಲ್ಲಿ. ಪೆಟಾಲಿಂಗ್ ಜಯಾದಲ್ಲೇ ಬೆಳೆದ ನನ್ನ ಮಗಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಅವಳೂ ಅದೇ ಹಳ್ಳಿಯ ಹೆಸರು ಹೇಳುತ್ತಾಳೆ.

ಆ ಹೇಳಿಕೆಯನ್ನು ಓದಿದ ಮೂವರೂ ಹೀಗೆ ಊರು ಹೇಳುವವರೇ ಆಗಿದ್ದೆವು. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಊರು ಎಂದರೆ ಹುಟ್ಟಿ ಬೆಳೆದ ಜಾಗ ಎಂದು ತಿಳಿದ ದೇಶದಿಂದ ಬಂದ ಅಧಿಕಾರಿ ಅದನ್ನು ಓದಿದಾಗ, ಅವನಿಗೆ ಕಂಡದ್ದು ಸುಳ್ಳು. ಅವನನ್ನು ದೂರುವಂತಿಲ್ಲ. ನಾವು ಕಳಿಸಿದ ಕಾಗದ ಹಾಗಿತ್ತು.

"ಹೇಳಿದ ಹಾಗೇ ಬರಿ ಅಂತ ನಿಮಗೆಲ್ಲ ಪಾಠ ಮಾಡಿದೆ," ಎಂದರು ತೇವಿ. "ಹೇಳಿದ್ದೇನು ಅಂತ ನಾನೇ ಕೇಳಲಿಲ್ಲ." ಅಷ್ಟೇ ಅವರು ಅದರ ಬಗ್ಗೆ ಆಡಿದ ಮಾತು. ಮೇಲ್ಮನವಿ ಬರೆಯಲು ಆಗಲೇ ಕಾಗದ ಎಳೆದುಕೊಂಡಿದ್ದರು.

ಮರುವಿಚಾರಣೆಗೆ ಬೇರೆ ಅಧಿಕಾರಿ, ಒಬ್ಬ ಹೆಂಗಸು. ಇನ್ನೊಮ್ಮೆ ತಿರಸ್ಕಾರವಾದರೆ ಕಡತ ಮುಚ್ಚುತ್ತದೆ, ಅಬು ಒಮರ್ ಆ ಕೇಂದ್ರದಲ್ಲೇ ಉಳಿಯುತ್ತಾನೆ. ವಾಪಸು ಕಳಿಸೋಣವೆಂದರೆ ಅವನನ್ನು ಒಪ್ಪಿಕೊಳ್ಳುವ ದೇಶವೂ ಇಲ್ಲ. ಉಮ್ ಒಮರ್‌ಗೆ ಇದೆಲ್ಲ ಗೊತ್ತಿತ್ತು. ವಿಚಾರಣೆಯ ದಿನ ಮಗಳ ಜಡೆಯನ್ನು ಬಿಚ್ಚಿ ಹೆಣೆದಳು, ಮತ್ತೆ ಬಿಚ್ಚಿ ಹೆಣೆದಳು. "ಅಜ್ಜನ ಊರಿನ ಮಾತು ಆಡಬೇಡ ಅಂತ ಇವಳಿಗೆ ಹೇಳಲಾ?" ಎಂದು ನಬೀಲನ ಮೂಲಕ ಕೇಳಿದಳು.

ಬೇಡ ಎಂದೆ. ಹೊಸದಾಗಿ ಸೇರುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮಗುವಿಗೆ ಮಾತು ಹೇಳಿಕೊಟ್ಟರೆ ಅದು ಮೊದಲ ಪ್ರಶ್ನೆಯಲ್ಲೇ ಹೊರಗೆ ಬೀಳುತ್ತದೆ. ನಾವು ತಿದ್ದಬೇಕಾದದ್ದು ಉತ್ತರವನ್ನಲ್ಲ.

ವಿಚಾರಣೆ ನಡೆಯುವಾಗ ನಮ್ಮಂಥವರು ಬಾಯಿ ಬಿಡುವಂತಿಲ್ಲ. ಕೊನೆಯಲ್ಲಿ ಒಂದೆರಡು ಮಾತಿಗೆ ಅವಕಾಶ. ಮೊದಲು ಉಮ್ ಒಮರ್ ಒಳಗೆ ಹೋಗಿ ಹೇಳಿಕೆ ಕೊಟ್ಟು ಬಂದಳು. ಆಮೇಲೆ ಸಲ್ಮಾ ಕೂತಳು, ಪಕ್ಕದಲ್ಲಿ ಆ ಕಚೇರಿಯದೇ ದುಭಾಷಿ, ಹಿಂದೆ ತೇವಿ ಮತ್ತು ನಾನು. ಅಧಿಕಾರಿ ಊರಿನ ಬಗ್ಗೆ ಕೇಳಿದರು. ಸಲ್ಮಾ ಅದನ್ನೇ ಹೇಳಿದಳು. ಬಾವಿ, ಉದ್ದ ಹಗ್ಗ, ಸಿಹಿ ನೀರು, ಅಂಜೂರ, ಸಮುದ್ರ. ಅಧಿಕಾರಿ ಬರೆದುಕೊಂಡರು. ಅವರ ಮುಖದಲ್ಲಿ ನನಗೆ ಏನೂ ಓದಲಾಗಲಿಲ್ಲ. ತೇವಿ ತಮ್ಮ ಮೊಣಕಾಲಿನಿಂದ ನನ್ನ ಮೊಣಕಾಲು ಗುದ್ದಿದರು. ಕೊನೆಯ ಮಾತು ನನ್ನದೆಂದು ಮೊದಲೇ ಗೊತ್ತುಮಾಡಿದ್ದೆವು.

"ಮೇಡಂ, ವಾದ ಮಾಡುವುದಿಲ್ಲ. ಒಂದು ಪ್ರಶ್ನೆ ನೀವೇ ಕೇಳಬೇಕೆಂದು ವಿನಂತಿ. ಆ ಬಾವಿಯನ್ನು ಅವಳು ನೋಡಿದ್ದಾಳೆಯೇ?"

ಅಧಿಕಾರಿ ನನ್ನನ್ನು ನೋಡಿದರು, ಆಮೇಲೆ ಹುಡುಗಿಯನ್ನು. ಕೇಳಿದರು.

ಸಲ್ಮಾಳಿಗೆ ನಗು ಬಂತು. ದೊಡ್ಡವರು ಏನೋ ಪೆದ್ದು ಮಾತು ಆಡಿದಾಗ ಮಕ್ಕಳಿಗೆ ಬರುವ ನಗು. "ನಾನು ಹೇಗೆ ನೋಡಲಿ? ನಮ್ಮ ಅಜ್ಜನೇ ನೋಡಿಲ್ಲ. ಊರು ಬಿಡುವಾಗ ಅವನು ಬಟ್ಟೆಯಲ್ಲಿ ಸುತ್ತಿದ ಕೂಸು."

"ಮತ್ತೆ ನಿನಗೆ ಹೇಗೆ ಗೊತ್ತು?"

"ಅಜ್ಜನಿಗೆ ಅವನ ಅಮ್ಮ ಹೇಳಿಕೊಟ್ಟಳು. ಅಜ್ಜ ಅಪ್ಪನಿಗೆ. ಅಪ್ಪ ನನಗೆ. ಒಮರ್‌ಗೆ ನಾನು ಹೇಳಿಕೊಡ್ತೀನಿ, ಅವನು ಅಂಜೂರ ಮರೆತುಬಿಡ್ತಾನೆ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಸರಿ. ಈಗ ನೀನು ನೋಡಿದ್ದನ್ನು ಹೇಳು."

ಮೊದಲಿನ ಉತ್ತರ ಹರಿದು ಬಂದಿತ್ತು, ಇದು ತುಂಡು ತುಂಡಾಗಿ ಬಂತು. ಓಣಿಯ ಮೇಲೆ ಕರೆಂಟಿನ ವೈರುಗಳು, ಆಕಾಶ ಕಾಣದಷ್ಟು. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ತೂತು ಬಿದ್ದು ನೀರು ಮೆಟ್ಟಿಲ ಮೇಲೆ ಹರಿದದ್ದು. ಪಕ್ಕದ ಮನೆಯ ಗೋಡೆ ಬಿದ್ದ ಮೇಲೆ ಅವರ ಅಡುಗೆಮನೆ ರಸ್ತೆಯಿಂದಲೇ ಕಾಣುತ್ತಿದ್ದದ್ದು, ಒಲೆಯ ಮೇಲೆ ಪಾತ್ರೆ ಹಾಗೇ ಇದ್ದದ್ದು. ಇಷ್ಟು ಹೇಳಿ ನಿಲ್ಲಿಸಿದಳು. "ಇದನ್ನ ಯಾರೂ ನನಗೆ ಹೇಳಿಕೊಟ್ಟಿಲ್ಲ," ಎಂದಳು. ಆ ಟ್ಯಾಂಕು, ಆ ಗೋಡೆ, ಆ ಪಾತ್ರೆ, ಎಲ್ಲವೂ ಅವಳ ತಾಯಿಯ ಹೇಳಿಕೆಯಲ್ಲೂ ಇದ್ದವು.

ಅರ್ಜಿ ಮಂಜೂರಾಯಿತು. ಅಷ್ಟಕ್ಕೇ ಬಾಗಿಲು ತೆರೆಯುತ್ತದೆ ಎಂದುಕೊಳ್ಳಬೇಡಿ. ಪತ್ರ ಹೋಗಬೇಕು, ಪತ್ರ ಸಿಕ್ಕಿತು ಎಂದು ಪತ್ರ ಬರಬೇಕು, ಸಹಿ ಮಾಡುವವರು ರಜೆಯಿಂದ ಬರಬೇಕು. ಕಾಯುವುದೂ ಈ ಕೆಲಸದ ಒಂದು ಭಾಗ. ಆ ನಡುವೆ ತೇವಿ ನಮ್ಮ ಪದ್ಧತಿ ಬದಲಾಯಿಸಿದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು ಮುಂದುವರಿಯಿತು. ಆದರೆ ಊರಿನ ಬಗ್ಗೆ ಎರಡು ಪ್ರಶ್ನೆ ಕೇಳಬೇಕು: ನಿಮ್ಮ ಊರು ಯಾವುದು? ನೀನು ಕಣ್ಣಾರೆ ನೋಡಿದ ಊರು ಯಾವುದು? ಎರಡೂ ಉತ್ತರ ಬೇರೆ ಬೇರೆ ಬರೆಯಬೇಕು. ಕೊರೊನಾ ಕಾಲದಲ್ಲಿ ಹೇಳಿಕೆಗಳು ಫೋನಿಗೆ ಬಂದವು, ತಾಯಂದಿರು ಮಕ್ಕಳಿಗೆ ಕೇಳಿಸಬಾರದೆಂದು ಬಚ್ಚಲಲ್ಲಿ ಕೂತು ಮಾತಾಡಿದರು. ಆಗಲೂ ಆ ಎರಡು ಪ್ರಶ್ನೆ ಬಿಡಲಿಲ್ಲ. ನಾನು ಬಿಟ್ಟು ಬಂದ ಮೇಲೂ ಅವು ಉಳಿದಿವೆ ಎಂದು ಕೇಳಿದ್ದೇನೆ.

ಅಬು ಒಮರ್‌ನನ್ನು ಕರೆತರಲು ತೇವಿಯ ಹಳೆಯ ಕಾರಿನಲ್ಲಿ ಹೋದೆವು. ಹಿಂದಿನ ಸೀಟಿನಲ್ಲಿ ಉಮ್ ಒಮರ್, ಮಕ್ಕಳು, ನಬೀಲ್ ಒತ್ತಿಕೊಂಡು ಕೂತಿದ್ದರು. ಅವನು ಹೊರಗೆ ಬಂದಾಗ ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಜೋಲುತ್ತಿತ್ತು. ಒಮರ್ ಅವನ ಕಾಲು ಹಿಡಿದುಕೊಂಡವನು ಬಿಡಲಿಲ್ಲ. ಗೇಟಿನ ಕಾವಲುಗಾರ ವಯಸ್ಸಾದ ಮಲಯ್ ಮನುಷ್ಯ, ಮಕ್ಕಳನ್ನು ಕಂಡು ಮೆತ್ತಗಾದ. ಸಲ್ಮಾಳನ್ನು ಅಲ್ಲಿ ಎಲ್ಲರೂ ಮಕ್ಕಳನ್ನು ಕೇಳುವಂತೆ ಕೇಳಿದ: ನಿನ್ನ ಕಂಪುಂಗ್ ಯಾವುದಮ್ಮ?

ಬೀದಿಯ ಮಕ್ಕಳ ಜೊತೆ ಆಡಿ ಅವಳು ಮಲಯ್ ಚೆನ್ನಾಗಿ ಕಲಿತಿದ್ದಳು. ನನ್ನ ಕಡೆ ಒಮ್ಮೆ ತಿರುಗಿ, "ಯಾವುದು ಬೇಕು ಪಾಕ್ ಚಿಕ್? ನಮ್ಮದಾ, ನಾನು ನೋಡಿದ್ದಾ?" ಎಂದಳು. ಪಾಕ್ ಚಿಕ್ ಎಂದರೆ ಚಿಕ್ಕಪ್ಪ.

ತೇವಿ ಗಟ್ಟಿಯಾಗಿ ನಕ್ಕರು. ಕಾವಲುಗಾರನಿಗೆ ಏನೂ ತಿಳಿಯಲಿಲ್ಲ. "ಯಾವುದಾದರೂ ಆಗಲಿ, ಮೊದಲು ಅಪ್ಪನಿಗೆ ಮಕಾನ್ ಮಾಡಿಸು," ಎಂದು ಗೇಟು ಎಳೆದ. ಮಕಾನ್ ಎಂದರೆ ಇಲ್ಲಿ ಊಟ.

ಮಗಳು ಏನು ಹೇಳಿದಳು ಎಂದು ಅಬು ಒಮರ್ ನಬೀಲನನ್ನು ಕೇಳಿದ. ಒಳಗಿದ್ದವನಿಗೆ ತಿರಸ್ಕಾರ, ಬಾವಿ, ಎರಡು ಪ್ರಶ್ನೆ, ಯಾವುದೂ ಗೊತ್ತಿರಲಿಲ್ಲ. ನಬೀಲ್ ಕಾರಿನವರೆಗೆ ನಡೆಯುತ್ತಾ ಎಲ್ಲ ವಿವರಿಸಿದ. ಅವನು ಕೇಳಿಸಿಕೊಂಡ. ನಮಗೆ ಧನ್ಯವಾದ ಹೇಳಿದ. ಆಮೇಲೆ ಮಾಸ್ತರರು ತಪ್ಪು ಉತ್ತರ ಕೊಟ್ಟ ಹುಡುಗಿಯ ಮುಂದೆ ನಿಲ್ಲುವಂತೆ ಸಲ್ಮಾಳ ಮುಂದೆ ನಿಂತು ಏನೋ ಹೇಳಿದ.

"ಏನಂದ?" ಎಂದೆ.

ನಬೀಲ್ ಕಾರಿನ ಬಾಗಿಲು ತೆಗೆಯುತ್ತಾ ಹೇಳಿದ: "ಯಾವುದು ಅಂತ ಯಾಕೆ ಕೇಳ್ತೀಯ, ನಮಗಿರೋದು ಆ ಬಾವಿಯ ಊರೊಂದೇ, ಅಂದರು ಖಾಲಾ."

ತೇವಿ ನನ್ನನ್ನು ನೋಡಿದರು. ಆಮೇಲೆ ಕಾರು ಶುರುಮಾಡಿದರು. ಕೇಸು ಮುಗಿದಿತ್ತು, ಇನ್ನು ಅವರು ಹೇಗೆ ಬೇಕಾದರೂ ಹೇಳಿಕೊಳ್ಳಬಹುದಿತ್ತು.